ಒಂಬತ್ತು ಒತ್ತಿ, ಮಹಾದೇವಿಯವರನ್ನು ಕೇಳಿ

ಕೆಲವರಿಗೆ ಬದನೆಕಾಯಿ ಒಗ್ಗುವುದಿಲ್ಲ, ಕೆಲವರಿಗೆ ಶೇಂಗಾ. ನನಗೆ ಒಗ್ಗದೇ ಇರುವುದು ‘ಗೊತ್ತಿಲ್ಲ’ ಎಂಬ ಮಾತು. ಯಾರಾದರೂ ನನಗೆ ತಿಳಿಯದ ವಿಷಯ ಕೇಳಿದರೆ ಸಾಕು, ಗಂಟಲಲ್ಲಿ ಏನೋ ಕೆರೆದಂತಾಗಿ ಕೆಮ್ಮು ಬರುತ್ತದೆ. ಸಣ್ಣಪುಟ್ಟ ಕೆಮ್ಮಲ್ಲ, ಕೇಳಿದವರು ಪ್ರಶ್ನೆ ಅಲ್ಲೇ ಬಿಟ್ಟು ನೀರು ತರಲು ಓಡುವಂಥ ಕೆಮ್ಮು. ಅವರು ನೀರು ತರುವಷ್ಟರಲ್ಲಿ ನಾನು ವಿಷಯ ಬದಲಿಸಿರುತ್ತೇನೆ. ಕನ್ಯೆ ನೋಡಲು ಹೋದಾಗ ಮಾವನವರು, ಈ ಕಂಪ್ಯೂಟರಿನ ಒಳಗೆ ಏನಿರುತ್ತದೆ ಎಂದು ಕೇಳಿದ್ದರು. ನಾನು ಆಗಷ್ಟೇ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದೆ, ಆದರೆ ಅದರ ಒಳಗನ್ನು ಯಾರೂ ಬಿಚ್ಚಿ ತೋರಿಸಿರಲಿಲ್ಲ. ಕೆಮ್ಮಿದೆ. ಹುಡುಗನಿಗೆ ಎದೆರೋಗ ಇದೆಯೇನೋ ಎಂದು ಅವರ ಮನೆಯಲ್ಲಿ ಎರಡು ದಿನ ಚರ್ಚೆಯಾಯಿತಂತೆ. ಆ ಕೆಮ್ಮಿನ ಅರ್ಥ ತಿಳಿಯಲು ನನ್ನ ಹೆಂಡತಿ ಶಶಿಕಲಾಗೆ ಮದುವೆಯಾದ ಮೇಲೂ ಆರು ತಿಂಗಳು ಬೇಕಾಯಿತು. ನಮ್ಮ ಕಚೇರಿಯ ಟೆಲಿಫೋನ್ ಆಪರೇಟರ್ ಮಹಾದೇವಿಯವರಿಗೆ ಮಾತ್ರ ಒಂದೇ ದಿನ ಸಾಕಾಯಿತು, ಅದೂ ತಂತಿಯ ಆ ತುದಿಯಲ್ಲಿ ಕುಳಿತು.

ನಮ್ಮ ಕಚೇರಿ ಕಲಬುರಗಿಯ ಸೇಡಂ ರಸ್ತೆಯಲ್ಲಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ, ಆಗಿನವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಅಲ್ಲಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ಎರಡು ಕಂಪ್ಯೂಟರ್, ಒಂದು ಏಸಿ ಮತ್ತು ನಾನು. ನಮ್ಮೂರಿನ ಮೇ ತಿಂಗಳು ಗೊತ್ತಿದ್ದವರಿಗೆ ಈ ಮೂರರಲ್ಲಿ ಮುಖ್ಯಸ್ಥ ಯಾರೆಂದು ಬೇರೆ ಹೇಳಬೇಕಿಲ್ಲ. ಲೆಕ್ಕಪತ್ರ ವಿಭಾಗದವರು, ಸಾಗಣೆ ವಿಭಾಗದವರು, ಏನೂ ಕೆಲಸವಿಲ್ಲದವರು ಎಲ್ಲರೂ ಮಧ್ಯಾಹ್ನವಾದರೆ ಕಂಪ್ಯೂಟರಿನ ಬಗ್ಗೆ ತಿಳಿಯಲು ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚುತ್ತಿದ್ದರು. ಸಾಲದ್ದಕ್ಕೆ ಧೂಳು. ಆ ಕಾಲದಲ್ಲಿ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ನಾನು ಬಾಗಿಲಿಗೆ ಒಂದು ಬೋರ್ಡು ಬರೆಸಿ ಹಾಕಿದೆ: ‘ಚಪ್ಪಲಿ ಹೊರಗೆ ಬಿಡಿ. ಅನ್ಯರಿಗೆ ಪ್ರವೇಶವಿಲ್ಲ.’ ನಿದ್ದೆಗೆ ಬರುವವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಬೋರ್ಡಿನ ಎರಡನೆಯ ವಾಕ್ಯ ತಮ್ಮನ್ನು ಕುರಿತದ್ದೆಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಮಹಾದೇವಿಯವರು ಕಚೇರಿಯ ಪ್ರವೇಶದಲ್ಲೇ, ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ಕೂಡುತ್ತಿದ್ದರು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು, ಸಂಜೆ ಬಸ್ಸಿನಲ್ಲೇ ಹಿಂದಿರುಗುತ್ತಿದ್ದರು. ಅವರ ಮುಂದೆ ಸಾಲು ಸಾಲು ಗುಂಡಿಗಳ ಒಂದು ಹಳೆಯ ಬೋರ್ಡು. ಹೊರಗಿನ ಕರೆ, ಒಳಗಿನ ಕರೆ, ಪರವೂರಿನ ಕರೆ ಎಲ್ಲವೂ ಅವರ ಬೆರಳ ತುದಿಯಿಂದಲೇ ದಾಟಬೇಕು. ನಾವು ಯಾರೂ ಟೆಲಿಫೋನ್ ಡೈರೆಕ್ಟರಿ ತೆರೆದವರಲ್ಲ. ಒಂಬತ್ತು ಒತ್ತುವುದು, ಕೇಳುವುದು, ಅಷ್ಟೆ. ಬೀದರಿನ ಕಚೇರಿಯ ನಂಬರು, ಸಾಹೇಬರ ಮೂಡು, ಚಿಂಚೋಳಿಗೆ ಕೊನೆಯ ಬಸ್ಸು, ಇವತ್ತು ಯಾರು ರಜೆ, ಯಾರ ರಜೆ ಸುಳ್ಳು ರಜೆ, ಎಲ್ಲಕ್ಕೂ ಒಂಬತ್ತೇ. ‘ಹಲೋ’ ಎನ್ನುವ ಮೊದಲೇ, ಉಸಿರು ಎಳೆದುಕೊಳ್ಳುವ ರೀತಿಯಿಂದಲೇ ಅವರು ಮನುಷ್ಯನನ್ನು ಗುರುತು ಹಿಡಿಯುತ್ತಿದ್ದರು. ಅವರ ಮೇಲೆ ನನಗಿದ್ದ ಒಂದೇ ದೂರೆಂದರೆ ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ಪರವೂರಿನ ಲೈನು ಸಿಗುತ್ತಿರಲಿಲ್ಲ. ಕೇಳಿದರೆ, ‘ಲೈನ್ ಟೆಸ್ಟ್ ಮಾಡಾಕತ್ತೀನ್ರಿ ಸರ್’ ಎನ್ನುತ್ತಿದ್ದರು. ಅರ್ಧ ಗಂಟೆ ಪರೀಕ್ಷಿಸುವಂಥದ್ದು ಆ ಲೈನಿನಲ್ಲಿ ಏನಿದೆ ಎಂದು ನಾನು ಒಂದೆರಡು ಬಾರಿ ಗೊಣಗಿದ್ದೂ ಉಂಟು.

ಹೀಗಿರುವಾಗ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಹಳೆಯ ಬೋರ್ಡು ತೆಗೆದು ಕಂಪ್ಯೂಟರಿನಿಂದ ನಡೆಯುವ ಹೊಸ ಟೆಲಿಫೋನ್ ವ್ಯವಸ್ಥೆ ಕೂಡಿಸುತ್ತಾರೆ. ಆಪರೇಟರ್ ಪರದೆ ನೋಡಿ ಕರೆ ದಾಟಿಸಬೇಕು. ಈಗಿರುವ ಆಪರೇಟರಿಗೆ ಅದು ಸಾಧ್ಯವಾಗದಿದ್ದರೆ ಅವರನ್ನು ರೆಕಾರ್ಡ್ ರೂಮಿಗೆ ವರ್ಗಾಯಿಸುವುದು. ರೆಕಾರ್ಡ್ ರೂಮ್ ಎಂದರೆ ಹಿಂಬದಿಯ ತಗಡಿನ ಶೆಡ್ಡು. ಅಲ್ಲಿ ಹಳೆಯ ಫೈಲುಗಳು, ಗೆದ್ದಲು ಮತ್ತು ಒಂದು ಸ್ಟೂಲು ಇದ್ದವು, ಫೋನ್ ಇರಲಿಲ್ಲ. ಸಾಹೇಬರು ಒಳ್ಳೆಯ ಮನುಷ್ಯ. ನನ್ನನ್ನು ಕರೆದು ಕೇಳಿದರು: ‘ಆಕಿ ಹತ್ತಿಪ್ಪತ್ತು ವರ್ಷದಿಂದ ಆ ಕುರ್ಚ್ಯಾಗ ಕುಂತಾಳ. ಕಣ್ಣಿಲ್ಲದವ್ರು ಕಂಪ್ಯೂಟರ್ ನಡಸೂ ಹಂಗ ಏನರೆ ಮಾಡಾಕ ಬರ್ತದೇನು? ನೀವು ಎಕ್ಸ್‌ಪರ್ಟ್ ಅದೀರಿ.’

ನಾನು ಕೆಮ್ಮಿದೆ. ಸಾಹೇಬರು ನೀರು ತರಿಸಿದರು. ಕುಡಿದು, ಅದರ ಮಾಹಿತಿ ಸಂಗ್ರಹಿಸಲು ಆರು ವಾರ ಬೇಕು ಎಂದೆ. ಕೊಟ್ಟರು.

ಆಮೇಲೆ ಆರಂಭವಾಯಿತು ನೋಡಿ ನನ್ನ ಮಾಹಿತಿ ಯಾತ್ರೆ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿದೆ. ಒಬ್ಬ ಅಂಗಡಿಯವರು ಹುಡುಕಿ ಹುಡುಕಿ ಕಣ್ಣಿನ ಶಸ್ತ್ರಚಿಕಿತ್ಸೆಯ ದಪ್ಪ ಪುಸ್ತಕ ತಂದಿಟ್ಟರು. ಗ್ರಂಥಾಲಯದಲ್ಲಿ ಕಂಪ್ಯೂಟರಿನ ಕಪಾಟಿಗೆ ಬೀಗವಿತ್ತು, ಬೀಗದ ಕೈ ಇದ್ದವರು ತೀರ್ಥಯಾತ್ರೆಗೆ ಹೋಗಿದ್ದರು. ನಮ್ಮ ರಸ್ತೆಯ ಸೈಬರ್ ಕೆಫೆಯಲ್ಲಿ ಮೋಡೆಮ್ಮು ಗೊರಗೊರ ಎಂದು ಅರ್ಧ ದಿನ ಗಂಟಲು ಸರಿಮಾಡಿಕೊಂಡು, ಕೊನೆಗೆ ಒಂದು ಪುಟ ಇಳಿಸುತ್ತಿತ್ತು. ಆದರೆ ಆ ಪುಟಗಳೋ! ಲೋಕದಲ್ಲಿ ಎಲ್ಲೋ ಕುಳಿತ ಜನ, ಚಿತ್ರ ಕಾಣದವರಿಗೆ ಚಿತ್ರದ ಬದಲು ಏನು ಓದಿ ಹೇಳಬೇಕು, ಬಣ್ಣ ಕಾಣದವರಿಗೆ ಏನು ಮಾಡಬೇಕು, ಕೈ ನಡುಗುವವರಿಗೆ ಏನು ಮಾಡಬೇಕು ಎಂದು ನಿಯಮಗಳನ್ನು ಬರೆದು ಎಲ್ಲರಿಗೂ ಬಿಟ್ಟಿದ್ದರು. ನಾನು ಬೆರಗಾಗಿ ಹೋದೆ. ಅಚ್ಚು ಹಾಕಿಸಿದೆ. ಮೊಣಕಾಲೆತ್ತರದ ಕಟ್ಟಾಯಿತು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶವೂ ಒಂದು ಸೀಡಿಯಲ್ಲಿ ಸಿಕ್ಕಿತು. ಅದು ಮಾದರಿ ಪ್ರತಿ. ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚಿಬಿಡುತ್ತಿತ್ತು, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದರೆ ಮತ್ತೆ ನಲವತ್ತು ನಿಮಿಷ.

ಜತೆಗೆ ಫೋನು. ಬೆಂಗಳೂರು, ಹೈದರಾಬಾದು, ಪುಣೆ, ಯಾರು ಯಾರ ಹೆಸರು ಹೇಳಿದರೂ ನಾನು ಒಂಬತ್ತು ಒತ್ತುತ್ತಿದ್ದೆ. ‘ಮಹಾದೇವಿ ಬಾಯಿ, ಹೈದರಾಬಾದಿಗೆ ಒಂದು ಕೊಡ್ರಿ.’ ಅವರು ಕೊಡುತ್ತಿದ್ದರು. ನಾನು ದೊಡ್ಡ ದನಿಯಲ್ಲಿ, ‘ನಮ್ಮಲ್ಲಿ ಒಬ್ಬ ಅಂಧ ಮಹಿಳೆ ಇದ್ದಾರೆ, ಅವರಿಗೆ ಕಂಪ್ಯೂಟರ್ ಹೇಗೆ ಕಲಿಸುವುದು’ ಎಂದು ಕೇಳುತ್ತಿದ್ದೆ. ಆ ಕಡೆಯ ತಜ್ಞರೂ ಕೆಮ್ಮುತ್ತಿದ್ದರು. ನಮ್ಮ ವೃತ್ತಿಯಲ್ಲಿ ಈ ಬೇನೆ ಇಷ್ಟು ಹರಡಿದೆ ಎಂದು ಆಗ ತಿಳಿಯಿತು.

ಯಾವುದೋ ಪುಟದಲ್ಲಿ, ಅಂಧರ ಕಷ್ಟ ತಿಳಿಯಬೇಕಾದರೆ ಸ್ವಲ್ಪ ಹೊತ್ತು ಕಣ್ಣು ಕಟ್ಟಿಕೊಂಡು ಓಡಾಡಿ ನೋಡಿ ಎಂದು ಬರೆದಿತ್ತು. ಭಾನುವಾರ ಬೆಳಿಗ್ಗೆ ಕಣ್ಣಿಗೆ ಟವೆಲ್ ಬಿಗಿದುಕೊಂಡು ಅಡುಗೆಮನೆಗೆ ನಡೆದೆ. ಜೋಳದ ಹಿಟ್ಟಿನ ಡಬ್ಬಿ ಮೊದಲು ಸಿಕ್ಕಿತು, ನಂತರ ಶಶಿಕಲಾ ಸೋಸಿ ಇಟ್ಟಿದ್ದ ತೊಗರಿಬೇಳೆ, ನಂತರ ಶಶಿಕಲಾ. ನನ್ನ ಸಂಶೋಧನೆಯ ಉದ್ದೇಶವನ್ನು ವಿವರಿಸಿದೆ. ಅವಳು ನೆಲದ ಹಿಟ್ಟು ಬಳಿಯುತ್ತ ಹೇಳಿದಳು: ‘ಕಣ್ಣು ಕಟ್ಟಿಕೊಂಡ್ರ ನಿಮಗ ಮಹಾದೇವಿ ಬಾಯಿ ಹಂಗ ಬುದ್ಧಿ ಬರ್ತದೇನ್ರಿ? ಆಕಿ ದಿನಾ ಬಸ್ಸಿನ್ಯಾಗ ಬಂದು ಹೋಗ್ತಾಳ. ನೀವು ಬಚ್ಚಲಮನಿ ತನಕ ಹೋಗ್ರಿ ನೋಡೋಣ.’ ಬಚ್ಚಲಮನೆಗೆ ನಾನು ಟವೆಲ್ ಬಿಚ್ಚಿಯೇ ಹೋದೆ.

ಐದು ವಾರ ಕಳೆದವು. ಈ ನಡುವೆ ನಾನು ಕೈಕಟ್ಟಿ ಕೂತಿರಲಿಲ್ಲ. ಹೊಸ ವ್ಯವಸ್ಥೆಗೆ ಬೇಕಾದ ಪರದೆಯನ್ನು ಸಿದ್ಧಪಡಿಸಿದ್ದೆ. ಖಾಲಿ ಲೈನಿಗೆ ಹಸಿರು ಫೋನಿನ ಚಿತ್ರ, ಹಿಡಿದಿರುವ ಲೈನಿಗೆ ಕೆಂಪು ಚಿತ್ರ, ಮೌಸಿನಿಂದ ಒತ್ತಿದರೆ ಹೆಸರುಗಳು ಅಂದವಾದ ಕನ್ನಡ ಅಕ್ಷರಗಳಲ್ಲಿ ತೆರೆದುಕೊಳ್ಳುತ್ತಿದ್ದವು. ಏಸಿಯಲ್ಲಿ ಮಲಗಲು ಬಂದವರೆಲ್ಲ ಒಂದು ಕಣ್ಣು ತೆರೆದು ಮೆಚ್ಚಿದ್ದರು. ಮಾತಾಡುವ ತಂತ್ರಾಂಶವನ್ನು ಅದಕ್ಕೆ ಜೋಡಿಸಿದರೆ ಮಾತ್ರ ಅದು ‘ಗ್ರಾಫಿಕ್, ಗ್ರಾಫಿಕ್, ಗ್ರಾಫಿಕ್’ ಎಂದಷ್ಟೇ ಹೇಳುತ್ತಿತ್ತು. ಕನ್ನಡ ಹೆಸರು ಬಂದರೆ ಮೈಮೇಲೆ ದೆವ್ವ ಬಂದಂತೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತಿತ್ತು. ಅಂದಿನ ಕಂಪ್ಯೂಟರಿನ ಕನ್ನಡ ಅಕ್ಷರಗಳು ಕಣ್ಣಿಗಷ್ಟೇ ಕನ್ನಡ, ಒಳಗೆಲ್ಲ ಇಂಗ್ಲಿಷಿನ ಚೂರುಪಾರು. ಇದು ನನಗೆ ಆಗ ತಿಳಿಯದು.

ಉಳಿದದ್ದು ಒಂದು ವಾರ. ಯಾರೋ ಮುಂಬಯಿಯ ಒಂದು ತರಬೇತಿ ಕೇಂದ್ರದ ಗುರುಗಳ ಹೆಸರು ಕೊಟ್ಟರು. ಅಂಧರಿಗೆ ಕಂಪ್ಯೂಟರ್ ಕಲಿಸುವುದರಲ್ಲಿ ಇಡೀ ದೇಶ ಅವರನ್ನೇ ಕೇಳುತ್ತದೆ ಎಂದರು. ಒಂಬತ್ತು ಒತ್ತಿದೆ. ಮಹಾದೇವಿಯವರು ಲೈನು ಕೊಟ್ಟರು. ನಾನು ನನ್ನ ಎಂದಿನ ಭಾಷಣ ಶುರುಮಾಡಿದೆ. ಆ ಗುರುಗಳು ನಡುವೆಯೇ ತಡೆದು ಯಾವ ಊರು ಎಂದು ಕೇಳಿದರು. ಹೇಳಿದೆ. ಅವರು ಜೋರಾಗಿ ನಕ್ಕರು. ‘ಗುಲ್ಬರ್ಗಾ? ಅರೆ ಭಾಯ್, ಮಹಾದೇವಿ ಬಾಯಿ ಹೈ ನಾ ಉಧರ್! ಉನ್ಸೇ ಪೂಛೋ.’ ಅಲ್ಲೇ ಇರುವ ಅವರನ್ನೇ ಕೇಳಿ, ಅವರು ನಮ್ಮಲ್ಲಿ ಕಲಿತು ಹೋದವರು, ನಮಗೇ ಏನಾದರೂ ತೊಡಕು ಬಂದರೆ ನಾವು ಅವರಿಗೆ ಫೋನ್ ಮಾಡುತ್ತೇವೆ ಎಂದು ಹೇಳಿ ಇಟ್ಟುಬಿಟ್ಟರು.

ನಾನು ರಿಸೀವರ್ ಇಡದೆ ಹಿಡಿದೇ ನಿಂತಿದ್ದೆ. ಪರವೂರಿನ ಕರೆ ಮೂರು ನಿಮಿಷ ದಾಟಿದರೆ ಆಪರೇಟರ್ ನೆನಪಿಸಬೇಕೆಂಬುದು ನಮ್ಮ ಕಚೇರಿಯ ನಿಯಮ. ಕಿವಿಯಲ್ಲಿ ಮಹಾದೇವಿಯವರ ತಣ್ಣನೆಯ ದನಿ ಕೇಳಿತು.

‘ಸರ್, ಮೂರು ನಿಮಿಷ ಆತ್ರಿ. ಇನ್ನೂ ಯಾರನ್ನರೆ ಕೇಳೂದು ಅದ ಏನ್ರಿ?’

ಕೆಮ್ಮು ಕೂಡ ಬರಲಿಲ್ಲ.

ಮೆಟ್ಟಿಲ ಕೆಳಗೆ ಹೋಗಿ ಎಲ್ಲರೆದುರು ಮಾತಾಡುವ ಧೈರ್ಯ ನನಗೆ ಸಾಲಲಿಲ್ಲ. ಮರುದಿನ ಭಾನುವಾರ. ಕಮಲಾಪುರದ ಬಸ್ಸು ಹತ್ತಿದೆ. ಕಪನೂರ ದಾಟುವವರೆಗೆ ನಿಂತೇ ಇದ್ದೆ, ಮಹಾಗಾಂವದಲ್ಲಿ ಅರ್ಧ ಬಸ್ಸು ಇಳಿದ ಮೇಲೆ ಸೀಟು ಸಿಕ್ಕಿತು. ಇದೇ ದಾರಿಯಲ್ಲಿ, ಇದೇ ನೂಕಾಟದಲ್ಲಿ ಅವರು ದಿನಕ್ಕೆ ಎರಡು ಬಾರಿ ಓಡಾಡುತ್ತಾರೆ ಎಂದು ನೆನೆದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ‘ಫೋನಿನ ಮಹಾದೇವಿ ಬಾಯಿ ಮನಿ’ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು.

ಅಂಗಳದಲ್ಲಿ ನಾನು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ, ‘ಬರ್ರಿ ಸರ್, ಬಿಸಲಾಗ ಯಾಕ ಬಂದ್ರಿ’ ಎಂದರು. ಅವರ ಅವ್ವ ನೀರು ಕೊಟ್ಟು, ತಟ್ಟೆಯಲ್ಲಿ ಊರಿನ ಕೆಂಪು ಬಾಳೆಹಣ್ಣು ತಂದಿಟ್ಟರು. ಮಹಾದೇವಿಯವರು ಹಣ್ಣುಗಳ ಮೇಲೆ ಬೆರಳಾಡಿಸಿ, ಸರಿಯಾಗಿ ಮಾಗಿದ್ದನ್ನು ನನ್ನ ಕಡೆ ಸರಿಸಿದರು. ನಾನು ತಿನ್ನುತ್ತ ಮಾತಿಗೆ ತಡಕಾಡಿದೆ. ಅವರೇ ಎದ್ದು ಗೋಡೆ ಬದಿಯ ಟ್ರಂಕು ತೆರೆದರು. ಒಳಗೆ ಕ್ಯಾಸೆಟ್ಟುಗಳು, ಸಾಲಾಗಿ. ಪ್ರತಿಯೊಂದರ ಬೆನ್ನಿಗೂ ಬ್ರೈಲ್ ಚುಕ್ಕೆಗಳ ಚೀಟಿ. ಅವರು ಮುಂಬಯಿಯಲ್ಲಿ ಕಲಿತ ಪಾಠಗಳೆಲ್ಲ ಅವುಗಳಲ್ಲಿದ್ದವು. ಕಂಪ್ಯೂಟರ್ ಮಾತಾಡುವುದು, ಅದಕ್ಕೆ ಅವರು ಹಾಕಿದ ಪ್ರಶ್ನೆ, ಗುರುಗಳ ಉತ್ತರ. ಎರಡು ವರ್ಷದ ಹಿಂದೆ ಮೂರು ವಾರ ರಜೆ ಹಾಕಿದ್ದು ಅದಕ್ಕೇ. ಸೋದರಮಾವನ ಮಗಳ ಮದುವೆ ಇರಬೇಕೆಂದು ಇಡೀ ಕಚೇರಿ ತೀರ್ಮಾನಿಸಿತ್ತು, ನಾನಂತೂ ಮದುವೆ ಊಟದಲ್ಲಿ ಏನೇನಿತ್ತು ಎಂದೂ ಕೇಳಿದ್ದೆ.

ಲೈನ್ ಟೆಸ್ಟಿನ ಗುಟ್ಟು ಕೂಡ ಅಂದೇ ತಿಳಿಯಿತು. ರಾಯಚೂರು, ಬೀದರು, ಸೋಲಾಪುರ, ಹುಬ್ಬಳ್ಳಿಗಳ ಬೇರೆ ಬೇರೆ ಕಚೇರಿಗಳಲ್ಲಿ ಕಣ್ಣು ಕಾಣದ ಆಪರೇಟರುಗಳಿದ್ದರು. ಎಲ್ಲರೂ ದಿನಕ್ಕೊಮ್ಮೆ ಲೈನು ಪರೀಕ್ಷಿಸಲೇಬೇಕು. ಆ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಪಾಠ ಹೇಳುತ್ತಿದ್ದರು. ಯಾವ ತಂತ್ರಾಂಶ ಯಾವ ಪರದೆಯಲ್ಲಿ ಮುಗ್ಗರಿಸುತ್ತದೆ, ಯಾವ ಕೀಲಿ ಒತ್ತಿದರೆ ಎಲ್ಲಿಗೆ ಹೋಗಬಹುದು, ಯಾವ ಕಚೇರಿಯಲ್ಲಿ ಹೊಸ ಯಂತ್ರ ಬಂತು, ಅಲ್ಲಿಯವರು ಹೇಗೆ ನಿಭಾಯಿಸಿದರು. ಬ್ಯಾಂಕಿನಲ್ಲಿರುವವರು, ಆಸ್ಪತ್ರೆಯಲ್ಲಿರುವವರು, ಶಾಲೆಯಲ್ಲಿ ಕಲಿಸುವವರು ಕೂಡ ಆ ಸರಪಳಿಯಲ್ಲಿದ್ದರು. ಕಟ್ಟಡವಿಲ್ಲ, ಬೋರ್ಡಿಲ್ಲ, ಒಬ್ಬರ ಮುಖ ಒಬ್ಬರು ಕಂಡಿಲ್ಲ. ನಾನು ಮೋಡೆಮ್ಮಿನ ಮುಂದೆ ಕೈಮುಗಿದು ಹುಡುಕುತ್ತಿದ್ದ ವಿಶ್ವವಿದ್ಯಾಲಯ ನನ್ನ ಕೋಣೆಯ ಕೆಳಗೇ, ಊಟದ ಬಿಡುವಿನಲ್ಲಿ, ದಿನಾ ನಡೆಯುತ್ತಿತ್ತು. ನಾನು ಅದರ ಮೇಲೆ ದೂರು ಹೇಳುತ್ತಿದ್ದೆ.

‘ಇಷ್ಟೆಲ್ಲಾ ಗೊತ್ತಿದ್ದೂ ನೀವು ಒಂದು ಮಾತು ಹೇಳಲಿಲ್ಲಲ್ರಿ, ಬಾಯಿ’ ಎಂದೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ.

ಅವರು ಟ್ರಂಕಿನ ಮುಚ್ಚಳ ಹಾಕಿದರು. ‘ಸುತ್ತೋಲೆ ಬಂದ ದಿನಾನೇ ಹೇಳಾಕ ಬಂದಿದ್ದೆ ರಿ. ಮ್ಯಾಲ ಹತ್ತಿ ನಿಮ್ಮ ಬಾಗಿಲ ತನಕ ಬಂದೆ. ಬಾಗಿಲ್ದಾಗ ನಿಂತವ್ರು, ಬ್ಯಾರೇದವ್ರು ಒಳಗ ಹೋಗಬಾರ್ದು ಅಂತ ಬೋರ್ಡ್ ಹಚ್ಯಾರ ಅಂದ್ರು. ಹೊಳ್ಳಿ ಹೋದೆ.’ ಟ್ರಂಕನ್ನು ಗೋಡೆಗೆ ಸರಿಸಿ, ‘ಆ ಶೆಡ್ಡಿನ್ಯಾಗ ಕುಂತ್ರ ನಂಗ ಯಾರ ದನೀನೂ ಕೇಳಂಗಿಲ್ರಿ ಸರ್. ನಂಗ ಅಂಜಿಕಿ ಅದರದೇ ಅದ’ ಎಂದರು.

ಬಾಗಿಲಲ್ಲಿ ನಿಂತವರು ಬಹುಶಃ ಒಳಗೆ ಮಲಗಲು ಹೊರಟವರೇ ಇರಬೇಕು. ನಾನು ಬರೆಸಿದ ಬೋರ್ಡಿನ ಎರಡನೆಯ ವಾಕ್ಯವನ್ನು ಇಡೀ ಕಚೇರಿಯಲ್ಲಿ ಪಾಲಿಸಿದವರು ಒಬ್ಬರೇ, ಅದನ್ನು ಓದಲಾರದವರು. ತಪ್ಪಾಯಿತು ಎಂದೆ. ಜನ್ಮದಲ್ಲಿ ಮೊದಲ ಬಾರಿಗೆ, ಕೆಮ್ಮದೆ, ‘ನನಗ ಏನೂ ಗೊತ್ತಿಲ್ರಿ, ನೀವು ಹೇಳಿಕೊಡ್ರಿ’ ಎಂದೂ ಅಂದೆ.

ಸೋಮವಾರ ಅವರು ಕಂಪ್ಯೂಟರ್ ಕೋಣೆಗೆ ಬಂದರು. ಬೋರ್ಡು ಅಷ್ಟರಲ್ಲಿ ನನ್ನ ಮೇಜಿನ ಕೆಳಗೆ ಸೇರಿತ್ತು. ರೂಢಿಯಂತೆ ಚಪ್ಪಲಿ ಬಿಟ್ಟು ಒಳಗೆ ಬಂದು, ತಣ್ಣನೆಯ ಗಾಳಿ ಮುಖಕ್ಕೆ ಬಡಿದೊಡನೆ, ‘ಇಷ್ಟು ಥಂಡ್ಯಾಗ ಯಾವ ದೇವರನ್ನ ಇಟ್ಟೀರ್ರಿ ಸರ್?’ ಎಂದರು. ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕೈಯಾಡಿಸಿ, ಮೌಸನ್ನು ಬಾಲ ಹಿಡಿದು ಎತ್ತಿ ನನಗೆ ಕೊಟ್ಟರು. ಮುಂದಿನ ಆರು ದಿನ ನಾನು ಬರೀ ಅವರ ಕೈಯಾಳು. ಹಸಿರು ಫೋನು, ಕೆಂಪು ಫೋನುಗಳೆಲ್ಲ ಹೋದವು, ಅವುಗಳ ಜಾಗದಲ್ಲಿ ಓದಬಹುದಾದ ಪದಗಳು ಬಂದವು. ಪ್ರತಿ ಕೆಲಸಕ್ಕೂ ಒಂದು ಕೀಲಿ ಬಂತು. ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಹೊಡೆದೆ. ಯಂತ್ರ ಮಲ್ಲಪ್ಪನನ್ನು ‘ಮ್ಯಾಲಪಾ’ ಎಂದಿತು. ನನಗೆ ಬೇಸರವಾಯಿತು. ಅವರು, ‘ಇರ್ಲಿ ಬಿಡ್ರಿ, ಪರದೇಶದ್ದು ಪಾಪ, ನಾವು ತಿಳಕೊಂಡ್ರ ಆತು’ ಎಂದರು.

ನಾನು ಬೆರಗಾದದ್ದು ಬೇರೊಂದಕ್ಕೆ. ಯಂತ್ರ ನಿಧಾನವಾಗಿ ಓದುತ್ತದೆ ಎಂದು ಅವರು ಅದರ ವೇಗ ಹೆಚ್ಚಿಸಿದರು. ಮತ್ತೆ ಹೆಚ್ಚಿಸಿದರು. ಮತ್ತೂ. ನನ್ನ ಕಿವಿಗೆ ಕೊನೆಗೆ ಕಾದ ಹಂಚಿನ ಮೇಲೆ ನೀರು ಬಿದ್ದ ಸದ್ದಷ್ಟೇ ಕೇಳುತ್ತಿತ್ತು. ಅವರು ಆ ಸದ್ದಿನೊಳಗೆ ಕೂತು, ನಡುವೆ ನಿಲ್ಲಿಸಿ, ‘ಸರ್, ಸಾಗಣಿ ವಿಭಾಗದಾಗ ಒಂದು ನಂಬರ್ ಎರಡು ಸಲ ಬಂದದ ನೋಡ್ರಿ’ ಎನ್ನುತ್ತಿದ್ದರು. ನೋಡಿದರೆ ಬಂದಿರುತ್ತಿತ್ತು. ಎರಡು ಕಣ್ಣು, ಮೇಲೆ ಒಂದು ಕನ್ನಡಕ ಇಟ್ಟುಕೊಂಡು ನಾನು ಮೂರು ಬಾರಿ ತಿದ್ದಿದ ಪಟ್ಟಿ ಅದು. ಏಸಿಗೆ ಮಲಗಲು ಬಂದವರು ಆ ವಾರ ಒಬ್ಬರೂ ಮಲಗಲಿಲ್ಲ, ಬಾಯಿ ತೆರೆದುಕೊಂಡು ಎಚ್ಚರವಾಗಿಯೇ ಇದ್ದರು.

ಪರೀಕ್ಷೆಯ ದಿನ ಸಾಹೇಬರ ಜತೆ ಮೇಲಿನ ಕಚೇರಿಯವರೂ ಬಂದರು. ಹೊಸ ವ್ಯವಸ್ಥೆಯ ಲೈನುಗಳನ್ನು ನನ್ನ ಕಂಪ್ಯೂಟರಿಗೆ ಜೋಡಿಸಿ, ನಾನು ಯಂತ್ರವನ್ನು ಹತ್ತೂವರೆಗೇ ಹೊತ್ತಿಸಿಟ್ಟಿದ್ದೆ. ಅವರು ಬಂದವರೇ ನನ್ನ ಮಾಹಿತಿ ಸಂಗ್ರಹದ ವಿಷಯ ಕೇಳಿದರು. ನಾನು ಆ ಮೊಣಕಾಲೆತ್ತರದ ಕಟ್ಟನ್ನು ಮುಂದಿಟ್ಟುಕೊಂಡು ಮಾತಿಗೆ ನಿಂತೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ. ಯಂತ್ರಕ್ಕಿದ್ದ ನಲವತ್ತು ನಿಮಿಷದ ಕಟ್ಟಳೆ ನನಗಿರಲಿಲ್ಲ. ನಾನು ಮುಗಿಸುವಷ್ಟರಲ್ಲಿ ಅದರ ನಲವತ್ತು ನಿಮಿಷವೂ ಮುಗಿದಿತ್ತು. ಸಾಹೇಬರು ಒಂದು ಹೆಸರು ಕೊಟ್ಟು ಕರೆ ದಾಟಿಸಲು ಹೇಳಿದರು. ಮಹಾದೇವಿಯವರು ಕೀಲಿ ಒತ್ತಿದರು. ಯಂತ್ರ ತುಟಿ ಪಿಟಕ್ಕೆನ್ನಲಿಲ್ಲ. ಕಣ್ಣೆದುರು ತಗಡಿನ ಶೆಡ್ಡು, ಅದರೊಳಗಿನ ಸ್ಟೂಲು. ನನ್ನ ಹಾಳು ಭಾಷಣವೇ ಅವರ ಕುರ್ಚಿಗೆ ಎರವಾಯಿತಲ್ಲ ಎಂದುಕೊಂಡೆ.

ಮಹಾದೇವಿಯವರು ಅರೆಕ್ಷಣ ತಲೆ ಓರೆ ಮಾಡಿದರು. ಆಮೇಲೆ ಬೆರಳುಗಳು ಓಡಿದವು. ಎಣಿಸಿ ಇಷ್ಟು ಸಲ ಕೆಳಬಾಣದ ಕೀಲಿ, ಒಂದು ಎಂಟರ್. ಪಕ್ಕದ ಕೋಣೆಯಲ್ಲಿ ಆ ಹೆಸರಿನವರ ಫೋನು ಗಣಗಣ ಎಂದಿತು. ಇನ್ನೊಂದು ಹೆಸರು. ಅದೂ ಗಣಗಣ ಎಂದಿತು. ಬೀದರಿನವರು ಬೇಕೆಂದರು. ಬೀದರು ‘ಹಲೋ’ ಅಂದಿತು. ಇಡೀ ಪಟ್ಟಿ, ಯಾವ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂಬುದರ ಸಮೇತ, ಆ ಆರು ದಿನದಲ್ಲಿ ಅವರ ತಲೆಯೊಳಗೆ ಕೂತುಬಿಟ್ಟಿತ್ತು. ಯಂತ್ರ ಮಾತು ನಿಲ್ಲಿಸಿದ್ದು ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮೇಲಿನ ಕಚೇರಿಯವರು, ‘ಆಪರೇಟರ್ ಇವರೇ ಮುಂದುವರಿಯಲಿ, ತಂತ್ರಾಂಶದ ಪೂರ್ತಿ ಪ್ರತಿ ತರಿಸಿ’ ಎಂದು ಬರೆದುಕೊಂಡರು. ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ಬೆವರೆಂದು ಹೇಳಿಕೊಂಡೆ, ಏಸಿ ಕೋಣೆಯಲ್ಲಿ.

ಅವರು ಬರೆದುಕೊಂಡದ್ದರಲ್ಲಿ ಇನ್ನೂ ಒಂದು ಸಾಲಿತ್ತು. ಅಂಗವಿಕಲರ ಕಂಪ್ಯೂಟರ್ ಬಳಕೆಯ ಬಗ್ಗೆ ನಮ್ಮ ಎಲ್ಲ ಊರಿನ ಕಚೇರಿಗಳಿಗೂ ನಾನೇ ತಜ್ಞನಂತೆ. ಯಾರಿಗೆ ಮಾಹಿತಿ ಬೇಕಿದ್ದರೂ ನನ್ನನ್ನೇ ವಿಚಾರಿಸಬೇಕಂತೆ. ಅದು ತಪ್ಪು, ತಜ್ಞರು ಮೆಟ್ಟಿಲ ಕೆಳಗಿದ್ದಾರೆ ಎಂದು ನಾನು ಅಂದೇ ಹೇಳಬೇಕಿತ್ತು. ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಎಷ್ಟು ವರ್ಷವಾಗಿತ್ತೋ, ಆ ಸುಖದಲ್ಲಿ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಕಮಲಾಪುರದಲ್ಲಿ ಹುಟ್ಟಿದ ನನ್ನ ಹೊಸ ಪ್ರಾಮಾಣಿಕತೆಗೆ ಆಗ ಒಂದು ವಾರದ ವಯಸ್ಸು.

ತಿಂಗಳೊಳಗೆ ಮೊದಲ ಕರೆ ಬಂತು. ದೂರದ ಯಾವುದೋ ಕಚೇರಿಯ ಕಂಪ್ಯೂಟರ್ ಮುಖ್ಯಸ್ಥರು, ನನ್ನ ಹಾಗೆಯೇ ದೊಡ್ಡ ದನಿಯವರು. ಅವರಲ್ಲಿ ಒಬ್ಬರಿಗೆ ದೃಷ್ಟಿ ಮಂದವಾಗುತ್ತಿದೆಯಂತೆ, ಪೂರ್ತಿ ಹೋಗಿಲ್ಲವಂತೆ, ಪರದೆಯ ಬಣ್ಣವನ್ನು ಹೇಗೆ ಬದಲಿಸಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ‘ನೋಡಿ, ಇದರಲ್ಲಿ ಅನೇಕ ಅಂಶಗಳಿವೆ’ ಎಂದು ಆರಂಭಿಸಿದೆ. ಎರಡನೆಯ ವಾಕ್ಯಕ್ಕೆ ಗಂಟಲು ಕೆರೆಯಿತು. ಕೆಮ್ಮಿದೆ. ಒಂಬತ್ತು ಒತ್ತೋಣವೆಂದು ಕೈ ಚಾಚುವಷ್ಟರಲ್ಲಿ ಲೈನಿನಲ್ಲಿ ಇನ್ನೊಂದು ದನಿ ಕೇಳಿತು, ನಿಧಾನವಾಗಿ, ನನ್ನ ಮಾನ ಉಳಿಯುವಷ್ಟು ಮೆಲ್ಲಗೆ.

‘ಸರ್, ನೀವು ನೀರು ಕುಡೀರಿ. ಅವ್ರಿಗೆ ನಾ ಹೇಳ್ತೀನಿ.’